ಚೀಟಿ ಎತ್ತಿದ ಕುದುರಿ

ನಾಲಬಂದ ಫಕ್ರುಸಾಬ, ನಮ್ಮಪ್ಪ.
ಬೆಟಗೇರಿ ಟಾಂಗಾ ಸ್ಟ್ಯಾಂಡಿನ ಮೂವತ್ತೆರಡು ಕುದುರಿಗೆ
ನಾಲ ಬಡದ ಕೈ. ಈಗ ಆ ಕೈಯಾಗ
ನನ್ನ ಮೊಬೈಲು, ಗಾಜು ಒಡದದ್ದು,
ಅದರಾಗ ಹಂಗೇರಿಯ ಒಬ್ಬ ಹೆಣಮಗಳು.

ಹಲ್ಮೋಶ್ ಪಿರೋಷ್ಕಾ.
ಅವರಲ್ಲೂ ಮನಿತನದ ಹೆಸರ ಮೊದಲು,
ನಮ್ಮ ಸಾಲಿ ಹಾಜರಿ ಪುಸ್ತಕದಂಗ.
ಕತ್ತಿ, ಈಜು, ಕುದುರಿ, ಪಿಸ್ತೂಲು, ಓಟ.
‘ಐದೂ ಒಬ್ಬಾಕಿನ?’ ಅಂದ ಅಪ್ಪ.
‘ಮತ್ತ ಅಡಗಿ ಯಾರ ಮಾಡತಾರ?’
ಬಳ್ಳೊಳ್ಳಿ ಸುಲಿಯೂ ಅವ್ವ.

ನಾ ಪಿ.ಟಿ. ಟೀಚರು, ತಿಳಿಸಿ ಹೇಳಿದೆ:
ಅವರೂರಾಗ ಆಕಿ ಮಾರಿ ಟ್ರಾಮಿನ ಮ್ಯಾಲೆ,
ಮಸರಿನ ಡಬ್ಬಿ ಮ್ಯಾಲೆ,
ಹುಟ್ಟಿದ ಕೂಸಿಗೆ ಆಕಿ ಹೆಸರು.
ಅಪ್ಪ ಅದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ.
ಅಂವಾ ನೋಡಿದ್ದು ಒಂದ:
ಚೀಟಿ ಎತ್ತಿ ಯಾರದೋ ಕುದುರಿ ಕೊಡತಾರ,
ಗುರತಾಗಾಕ ಇಪ್ಪತ್ತ ನಿಮಿಷ.
ಉಳದವರು ಬಡಾಬಡಾ ಹತ್ತಿ ಜಿಗಿಸಿ ನೋಡಿದರ
ಈಕಿ ಮೊದಲ ಬಗ್ಗಿ
ಮುಂಗಾಲ ಎತ್ತಿ ಗೊರಸ ನೋಡಿದಳು.

ಅವತ್ತ ಹುಟ್ಟಿದ ನೋಡ್ರಿ, ಗದಗಿನಾಗ ಆಕಿಗೊಬ್ಬ ಅಭಿಮಾನಿ.
ಚಾದಂಗಡ್ಯಾಗ ಎಲ್ಲಾರೂ ರನ್ನು ವಿಕೆಟ್ಟು ಲೆಕ್ಕ ಹಾಕತಿದ್ದರ
‘ನಮ್ಮ ಪಿರೋಷ್ಕಾ ಬಂಗಾರ ತಂದಳು’ ಅಂತಿದ್ದ.
‘ಯಾರ ಪೈಕಿರೀ?’
‘ನಮ್ಮ ಪೈಕಿನ. ಗೊರಸ ತಿಳದಾಕಿ.’
ನಾಲಿಗಿ ಹೊಳ್ಳದ ಮಂದಿ ಆಕಿನ್ನ ಪೀರಾಂಬಿ ಮಾಡಿದರು.
ಸಂತಿಗೆ ಹೋದರ ಸೊಪ್ಪಿನ ನೀಲವ್ವ ನನಗ ಕೇಳಾಕಿ:
‘ಪೀರಾಂಬಿ ಆರಾಮದಾಳನ? ಯಾವಾಗ ಬರತಾಳ?’

ಕಡೀ ವರ್ಷ. ನಾಕನೇ ಅಡ್ಡಗಂಬಕ್ಕ ಕುದುರಿ ನಿಂತುಬಿಟ್ಟಿತು.
ಮತ್ತೊಮ್ಮೆ ನಿಂತಿತು. ಮತ್ತೊಮ್ಮೆ.
ಆಕಿ ಕೈಯಾಗ ಚಾಬೂಕು ಇತ್ತು. ಎತ್ತಲಿಲ್ಲ.
ಮೊದಲನೇದವಳು ಮೂವತ್ತೊಂದನೇದವಳಾದಳು.
ಕುದುರಿ ಕುತಗಿಗೆ ಹಣಿ ಹಚ್ಚಿ ನಿಂತಾಗ
ಅಲ್ಲಿ ಮಂದಿ ಎದ್ದು ಚಪ್ಪಾಳಿ ಬಡದರಂತ.
ಇಲ್ಲಿ ಅಪ್ಪ ಮೊಬೈಲಿಗೆ ಹೇಳಿದ:
‘ಎಡಗಾಲ, ಎಡಗಾಲ ನೋಡವ್ವಾ,
ಮೊಳಿ ಚುಚ್ಚತೈತಿ ಅದಕ್ಕ.’

ಆಮ್ಯಾಲೆ ಸುದ್ದಿ ಬಂತು:
ಆಕಿ ಆಟ ಬಿಟ್ಟಳು. ಆಟ ಕುದುರಿ ಬಿಟ್ಟಿತು.
ಇನ್ನ ಗ್ವಾಡಿ ಹತ್ತೂದು, ಸರಳ ಹಿಡದು ಜೋತಾಡೂದು.
‘ಕುದುರಿ ತಗದರ?’ ಅಂದ ಅಪ್ಪ.
ಉಂಡ ಮ್ಯಾಲೆ ಮತ್ತ ಕೇಳಿದ, ‘ಕುದುರಿನ ತಗದರ?’
ಸ್ಟೇಶನ್ನಿನ ಮುಂದ ಆಟೋ ಸಾಲ ಹಚ್ಚಿದ ವರ್ಷ
ಇದ ದನಿ ಕೇಳಿದ್ದೆ. ಆವಾಗ ನಾ ಆರನೇತ್ತಾ.

ಮುಂಜಾನೆ ಗೋಣಿಚೀಲ ಜಾಡಿಸಿ
ಒಂದ ನಾಲ ತಗದ, ಎಣ್ಣಿ ಹಚ್ಚಿ ಒರಸಿದ,
ಏಳ ಮೊಳಿ ಅರಬ್ಯಾಗ ಗಂಟ ಕಟ್ಟಿದ.
‘ಪೋಸ್ಟಿಗೆ ಹಾಕು.’
‘ಕುದುರೀನ ಇಲ್ಲಲ್ಲಪ್ಪಾ ಆಕಿ ಕಡೆ.’
‘ನನ್ನ ಕಡೆ ಐತೇನು?’

‘ವಿಳಾಸ?’ ಅಂದೆ, ಪೆನ್ನ ಹಿಡದು.
ನನ್ನ ಕಡೆ ನೋಡಿದ, ಪಾಠ ಬರದ ಹುಡುಗಿನ್ನ ನೋಡಿದಂಗ.
‘ಬರಿ. ಹಲ್ಮೋಶ್ ಪಿರೋಷ್ಕಾ,
ಟಾಂಗಾ ಸ್ಟ್ಯಾಂಡ್ ಹತ್ರ, ಹಂಗೇರಿ.
ಅಲ್ಲಿ ಯಾರನ್ನ ಕೇಳಿದರೂ ಮನಿ ತೋರಸ್ತಾರ.’