ಗೇಣುದ್ದದ ನೋವು

ಮತ್ರಾದ ಮೀನುಪೇಟೆ ಬಾಗಿಲು ತೆಗೆಯುವ ಮೊದಲು,
ಬೆಳಗಿನ ಜಾವ ನಾಲ್ಕಕ್ಕೆ, ನಾನು ಓಡುತ್ತೇನೆ.
ಓಡುತ್ತಿದ್ದೆ, ಅನ್ನಬೇಕು ಈಗ.

ವೀಸಾದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಂಡಿತು.
ಇಪ್ಪತ್ತೆರಡು ವರ್ಷ ಉಪ್ಪಿನಲ್ಲೇ ಕೈ ಇಟ್ಟವನಿಗೆ
ಸಕ್ಕರೆ ಬಂದ ದಾರಿ ಯಾವುದೋ.
ಓಡು ಮಾರಾಯ, ದುಡ್ಡಿಲ್ಲದ ಮದ್ದು ಅದೊಂದೇ,
ಅಂದ ಪಕ್ಕದ ಮಂಚದ ಅದ್ದು.
ಬೂಟನ್ನೂ ಅವನೇ ಕೊಟ್ಟ. ಅವನ ಅಳತೆಯದು,
ಹಿಮ್ಮಡಿ ಸವೆದದ್ದು.
ತುದಿಗೆ ಹಳೆ ಪೇಪರು ತುರುಕಿ
ಕಾರ್ನಿಶ್ ಹಿಡಿದು ರಿಯಾಮಿನ ತನಕ,
ಅಲ್ಲಿಂದ ತಿರುಗಿ ದೋಣಿಗಳ ತನಕ.

ಮೊದಲ ವಾರ ಏನೂ ಇಲ್ಲ, ಬೆವರು ಮಾತ್ರ.
ಎರಡನೆಯ ವಾರ ಅದರ ದುಪ್ಪಟ್ಟು ಓಡಿದೆ.
ಹೆದರಿ ಓಡುವವನಿಗೆ ಲೆಕ್ಕ ಎಲ್ಲಿ?
ಎಂತಕ್ಕೆ ಓಡುದ್, ಅಟ್ಟಿಸ್ಕಂಡ್ ಬಂದದ್ ಯಾರ್,
ಗಂಗೊಳ್ಳಿಯಿಂದ ಜಲಜ ಫೋನಿನಲ್ಲಿ ನಕ್ಕಳು.
ಸಕ್ಕರೆಯ ಸುದ್ದಿ ಅವಳಿಗೆ ಹೇಳಿರಲಿಲ್ಲ.

ಮೂರನೆಯ ವಾರ
ಕಣಕಾಲೆಲುಬಿನ ಒಳಬದಿಗೆ
ಯಾರೋ ಮೊಂಡು ಚೂರಿ ಹಿಡಿದು
ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆದ ಹಾಗೆ.
ಆ ಕೈ ನನಗೆ ಗೊತ್ತು.
ದಿನಕ್ಕೆ ನೂರು ಮೀನಿಗೆ ನಾನೇ ಮಾಡುವ ಕೆಲಸ ಅದು.
ಓಡುವಾಗ ನೋವು, ಆಮೇಲೆ ನಡೆಯುವಾಗ,
ಆಮೇಲೆ ಗಂಬೂಟು ಹಾಕಿ ಸುಮ್ಮನೆ ನಿಂತಾಗಲೂ.

ರುವಿಯ ಕ್ಲಿನಿಕ್ಕಿನಲ್ಲಿ ಈಜಿಪ್ಟಿನ ಡಾಕ್ಟರಮ್ಮ ಇನಾಸ್
ಹೆಬ್ಬೆರಳು ಒತ್ತುತ್ತ ಎಲುಬಿನಗುಂಟ ಇಳಿದರು.
ಹಿನಾ? ಹಿನಾ? ಇಲ್ಲಾ, ಇಲ್ಲಾ, ಎಂದು ಕೇಳುತ್ತ.
ಐವತ್ತು ಬೈಸಾ ನಾಣ್ಯದಷ್ಟು ಜಾಗದಲ್ಲಿ ನೋವೋ,
ಗೇಣುದ್ದಕ್ಕೂ ನೋವೋ?
ನಾನು ನನ್ನ ಗೇಣನ್ನೇ ಕಾಲ ಮೇಲೆ ಇಟ್ಟು ತೋರಿಸಿದೆ.
ಅವರು ಉಸಿರು ಬಿಟ್ಟರು: ನಾಣ್ಯವಾಗಿದ್ದರೆ ಬಿರುಕಿನ ಭಯ,
ಗೇಣಾದರೆ ಎಲುಬು ದಣಿದಿದೆ ಅಷ್ಟೆ.
ಸಣ್ಣ ನೋವೇ ದೊಡ್ಡದು, ದೊಡ್ಡದೇ ಸಣ್ಣದು.
ಇಂಥ ವ್ಯಾಪಾರ ಪೇಟೆಯಲ್ಲೂ ಕಂಡಿಲ್ಲ ನಾನು.

ಮೂರು ವಾರ ಓಟ ಬೇಡ. ಬೇರೆ ಬೂಟು ಕೊಳ್ಳಿ.
ಬಟ್ಟೆಯಲ್ಲಿ ಸುತ್ತಿ ಐಸು ಇಡಿ, ಹದಿನೈದೇ ನಿಮಿಷ.
ಆಮೇಲೆ ಶುರುಮಾಡುವಾಗ ಸ್ವಲ್ಪ, ಸ್ವಲ್ಪವೇ.
ಮನೆಯಲ್ಲಿ ಐಸು ಇದೆಯಾ? ಎಂದು ಕೇಳಿದರು.
ತಿಂಗಳಿಂದ ನಗದವನು ಆಗ ನಕ್ಕೆ.

ಹರಾಜು ಮುಗಿದ ಹತ್ತು ಗಂಟೆಯ ಹೊತ್ತಿಗೆ
ಕ್ರೇಟು ಬೋರಲು ಹಾಕಿ ಕೂತೆ.
ಎದುರು ಹಲಗೆಯ ಮೇಲೆ ಉಳಿದದ್ದು ಒಂದೇ ಅಂಜಲ್.
ಅದಕ್ಕಿಲ್ಲಿ ಕನದ್ ಅನ್ನುತ್ತಾರೆ.
ಬಂದ ಹೊಸತರಲ್ಲಿ ಹರಾಜಿನವ ಕನದ್ ಕನದ್ ಎಂದು ಕೂಗಿದಾಗ
ನನ್ನ ಭಾಷೆಯನ್ನೇ ಯಾರೋ ಹರಾಜಿಗಿಟ್ಟರೆಂದು
ತಿರುಗಿ ನೋಡಿದ್ದೆ.
ಅದರ ಹೊಟ್ಟೆಯಡಿಯಿಂದ ಎರಡು ಬೊಗಸೆ ಐಸು ತೆಗೆದು
ಅದ್ದುವಿನ ಟವೆಲಿನಲ್ಲಿ ಕಟ್ಟಿ ಕಾಲಿಗಿಟ್ಟೆ.
ಮೊದಲು ಉರಿ, ಆಮೇಲೆ ಕೊರೆತ,
ಆಮೇಲೆ ಕಾಲು ನನ್ನದಲ್ಲ.

ಮೀನು ಕೊಯ್ಯುವ ಬಲೂಚಿ ಮುರಾದ್
ಚೂರಿ ಒರೆಸುತ್ತ ಬಂದು ನಿಂತ:
ಕಿಲೋಗೆ ಎಷ್ಟು?

ನಮ್ಮ ಮಾತಿನಲ್ಲಿ ಇದರ ಹೆಸರು ಮೀನಖಂಡ, ಅಂದೆ,
ಎಲುಬಿನ ಹಿಂದಿನ ಮಾಂಸ ತೋರಿಸಿ.
ಮೀನಾ? ನಿಜವಾಗಿ?
ನಿಜವಾಗಿ. ನಡೆಯುವ ಎಲ್ಲರ ಕಾಲಲ್ಲೂ ಒಂದೊಂದು.
ಅವನು ಕುಕ್ಕುರುಗಾಲಲ್ಲಿ ಕೂತ. ಗಿರಾಕಿಗಳು ಒತ್ತುವ ಹಾಗೆ,
ತಾಜಾ ಹೌದೋ ಅಲ್ಲವೋ ನೋಡುವ ಹಾಗೆ,
ಹೆಬ್ಬೆರಳಿಟ್ಟು ಒತ್ತಿ, ಬಿಟ್ಟ.

ಇಬ್ಬರೂ ನೋಡಿದೆವು.
ಬೆರಳಿನ ಹಳ್ಳ ಅಲ್ಲೇ ಇತ್ತು.
ಇತ್ತು, ಇನ್ನೂ ಇತ್ತು.
ಹೊರಗೆ ಯಾರೋ ದೋಣಿಯ ಎಂಜಿನು ಎಳೆದೆಳೆದು ಸೋತರು.
ಕೊನೆಗೆ ಮೆಲ್ಲ ಮೇಲೆದ್ದು ಬಂತು.

ಪರವಾಗಿಲ್ಲ, ಅಂದ ಮುರಾದ್, ಎದ್ದು ಹೋಗುತ್ತ.
ಆದರೆ ಇವತ್ತೇ ಮಾರಬೇಕು.