ಕಂಸದೊಳಗೆ

ಜಕಾರ್ತಾದ ಹೋಟೆಲಿನ ಏಳನೇ ಮಹಡಿ.
ಏಸಿಯ ಚಳಿಗೆ ಹೊದ್ದ ಬಾಟಿಕ್ ಶಾಲಿನಿಂದ
ಬೆರಳು ಮಾತ್ರ ಹೊರಗಿಟ್ಟು ಕೂತಿದ್ದೇನೆ.
ಹೆಸರು ರಾತ್ರಿ. ಕೆಲಸವೂ ಹೆಚ್ಚಾಗಿ ಆಗಲೇ.
ಹಗಲೆಲ್ಲ ಅವರು ಆಡಿದ್ದನ್ನು
ಬೆಳಗಾಗುವುದರೊಳಗೆ ಅಚ್ಚುಕಟ್ಟು ಮಾಡಿ
ಒಬ್ಬೊಬ್ಬರ ಬಾಗಿಲಡಿಗೆ ತೂರಿಸಬೇಕು.

ಇದು ಹದಿನಾಲ್ಕನೇ ಕರಡು.
ಈ ದಡದವರು ‘ತಕ್ಕದ್ದು’ ಅನ್ನುತ್ತಾರೆ,
ಆ ದಡದವರು ‘ಬಹುದು’.
ರಜೆ ಕೊಡತಕ್ಕದ್ದು.
ರಜೆ ಕೊಡಬಹುದು.
ನಡುವೆ ಒಂದು ಸಮುದ್ರ,
ಅದರ ಮೇಲೆ ದೋಣಿ ತುಂಬ ಹುಡುಗಿಯರು.

ಒಮ್ಮತವಾಗದ ಮಾತಿಗೆ ಕಂಸ ಹಾಕುವುದು ವಾಡಿಕೆ:
ಪಾಸ್‌ಪೋರ್ಟು [ಕೆಲಸದವಳ ಬಳಿಯೇ] ಇರತಕ್ಕದ್ದು.
[ವಾರಕ್ಕೊಂದು] ದಿನ ಬಿಡುವು.
ಮಲಗಲು [ಚಿಲಕವಿರುವ] ಕೋಣೆ.
ತೊಗಲುಬೊಂಬೆ ಆಡಿಸುತ್ತಿದ್ದ ನನ್ನಜ್ಜನ ಪೆಟ್ಟಿಗೆಯಲ್ಲೂ
ಒಬ್ಬ ಕಂಸನಿದ್ದ, ದಪ್ಪ ಕಣ್ಣಿನವನು,
ಎಳೆಯ ಮಕ್ಕಳ ಬೆನ್ನು ಹತ್ತಿದವನು.
ಆ ಕೀಲಿ ಒತ್ತುವಾಗಲೆಲ್ಲ
ದೀಪದೆದುರು ಅವನ ನೆರಳು ದೊಡ್ಡದಾಗುತ್ತದೆ.

ಇವತ್ತು ಊಟದ ನಂತರ, ಚಹಾಕ್ಕೆ ಮುಂಚೆ,
‘ಅಹವಾಲು: ಮೂರು ನಿಮಿಷ’ ಎಂದಿದ್ದಲ್ಲಿ
ಓರ್ಪಾ ತಾನೆಯೊ ಬಂದಳು,
ತಿಮೋರಿನ ಸೋಯೆ ಬೆಟ್ಟದವಳು,
ತಾನೇ ನೇಯ್ದ ಕೆಂಪು ಬಟ್ಟೆ ಹೆಗಲ ಮೇಲೆ.
ಸಂಘದವರು ಬರೆದುಕೊಟ್ಟ ಭಾಷಣ ಮಡಚಿಟ್ಟು
ಕರಡಿನ ಹಾಳೆ ತಿರುವಿದಳು, ಬೆರಳಿಟ್ಟಳು.
“ಇದೇನು, ಈ ಸರಳು?”
“ಇನ್ನೂ ತೀರ್ಮಾನವಾಗಿಲ್ಲ ಅಂತ” ಎಂದೆ ನಾನು,
ನನ್ನನ್ನು ಯಾರೂ ಕೇಳಿರಲಿಲ್ಲ.

“ನಾನಿದ್ದ ಮನೆಯ ಹಿಂಬಾಗಿಲಿಗೂ ಹೀಗೇ ಇತ್ತು.
ಒಂಬತ್ತು ವರ್ಷ.
ಭಾನುವಾರ ಬಂತೆಂದು ಗೊತ್ತಾಗುತ್ತಿದ್ದದ್ದು
ಎದುರುಮನೆಯವನು ಕಾರು ತೊಳೆದ ನೊರೆ
ನಮ್ಮ ಚರಂಡಿಗೆ ಹರಿದು ಬಂದಾಗ.
ಊರ ಚರ್ಚಿನಲ್ಲಿ ಈಗ ಎರಡನೇ ಹಾಡು ಅಂದುಕೊಂಡು
ಮೀನು ಉಜ್ಜುತ್ತಿದ್ದೆ.
ನನ್ನ ಜೊತೆ ಹೋದ ವೆಲ್ಮಿಂಚೆ
ಕುಪಾಂಗ್ ವಿಮಾನ ನಿಲ್ದಾಣದ ಸರಕಿನ ಗೇಟಿನಿಂದ ಬಂದಳು.
ಪೆಟ್ಟಿಗೆಯ ಚೀಟಿಯಲ್ಲಿ ತೂಕ ಸರಿ ಇತ್ತು,
ಹೆಸರು ತಪ್ಪಿತ್ತು.
ಅವಳು ಸತ್ತದ್ದಕ್ಕೆ ಮಾತ್ರ
ಯಾರೂ ಸರಳು ಹಾಕಿರಲಿಲ್ಲ.”

ಗಂಟೆ ಬಾರಿಸಿತು. ಅಧ್ಯಕ್ಷರು ಕೃತಜ್ಞತೆ ಹೇಳಿದರು.
ಆ ದಡದ ವಕೀಲ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ.
ಕೆಟ್ಟವನಲ್ಲ, ನಿನ್ನೆ ನನಗೆ ಕೆಮ್ಮಿನ ಮಾತ್ರೆ ಕೊಟ್ಟವನು.
ಅವನ ಬಾಯಲ್ಲಿರುವುದು ಅವನ ರಾಜಧಾನಿಯ ನಾಲಿಗೆ.
ಸಂಜೆಯ ಹೊತ್ತಿಗೆ ಅದು ಒಂದು ಕಂಸ ಬಿಟ್ಟುಕೊಟ್ಟಿತು:
ಪಾಸ್‌ಪೋರ್ಟು ಕೆಲಸದವಳ ಬಳಿಯೇ ಇರತಕ್ಕದ್ದು.
ಚಪ್ಪಾಳೆ. ಅನಾನಸ್ ಕಡುಬು.
ಬಿಡುವಿನ ದಿನದ ಬಗ್ಗೆ ಮೇಲಿನವರನ್ನು ಕೇಳಿ ಹೇಳುತ್ತಾರಂತೆ.

ರಾತ್ರಿ ಒಂದೂವರೆಗೆ, ತೆಗೆಯಬೇಕಾದದ್ದನ್ನು ತೆಗೆಯುವಾಗ
ಕೈ ಜಾರಿತೋ, ನಿದ್ದೆಯೋ,
ಪಕ್ಕದ ಸಾಲಿನ ಎಡಗೋಡೆಯೂ ಹೋಯಿತು.
ವಾರಕ್ಕೊಂದು] ದಿನ ಬಿಡುವು.
ನಲವತ್ತು ಪ್ರತಿ ತೆಗೆದು ಹಂಚಿದ ಮೇಲೆ
ಕಾರ್ಯದರ್ಶಿಯ ಫೋನು: “ಏನಮ್ಮ ಇದು, ಒಕ್ಕಣ್ಣಿನ ವಾಕ್ಯ!”

ಮಂಡಿಯೂರಿ ಬಾಗಿಲು ಬಾಗಿಲಿಗೂ ಹೋಗಿ
ಹಾಳೆಗಳ ತುದಿ ಹಿಡಿದು ಮೆಲ್ಲಗೆ ಎಳೆದೆ.
ಒಳಗೆ ಗೊರಕೆ, ಒಳಗೆ ಟೀವಿ, ಒಳಗೆ ಯಾರೋ
ತಮ್ಮ ಮಗುವಿಗೆ ಫೋನಿನಲ್ಲಿ ಕತೆ ಹೇಳುತ್ತಿದ್ದರು.
ಗೋಡೆಯನ್ನು ಮತ್ತೆ ಕಟ್ಟಿದೆ. ಅದು ನನ್ನ ಕೆಲಸ.

ಓರ್ಪಾಳ ಕೋಣೆ ಖಾಲಿ. ಮೊದಲ ವಿಮಾನಕ್ಕೆ
ಆಗಲೇ ಹೊರಟಿದ್ದಾಳೆ. ಹಾಸಿಗೆಯನ್ನು ತಾನೇ ಮಡಿಸಿ,
ಲೋಟ ತೊಳೆದು ಬೋರಲಿಟ್ಟು.

ಸಿಕ್ಕಿದ್ದು ಮೂವತ್ತೊಂಬತ್ತು.
ಯಾರಾದರೂ ಕೇಳಿದರೆ
ಅಚ್ಚಾದದ್ದೇ ಅಷ್ಟು ಎನ್ನುತ್ತೇನೆ.