ಒಂದು ರೂಪಾಯಿ ಇಪ್ಪತ್ತೊಂದು ಪೈಸೆ

ಹೊಸೂರು ರಸ್ತೆಯ ಆಸ್ಪತ್ರೆ, ಹಿಂದಿನ ಕಟ್ಟಡ,
ಮೂರನೇ ಮಹಡಿ. ನನ್ನ ಮೇಜಿನ ಮೇಲೆ
ಅರವತ್ತು ದಾಟಿದ ಹೆಂಗಸರ ಪದರ:
ನಾಲ್ಕು ಮನೆಯ ಒಂದು ಚೌಕ.

ಬಾಯಿ ಕ್ಯಾನ್ಸರಿನವರಲ್ಲಿ ಹೊಗೆಸೊಪ್ಪು ಅಗಿದವರು ಹದಿನೇಳು.
ಕಣ್ಣಿನಾಸ್ಪತ್ರೆಯ ಸಾಲಿನಿಂದ ಹೋಲಿಕೆಗೆಂದು ಕರೆತಂದ,
ಬಾಯಿ ನೆಟ್ಟಗಿರುವವರಲ್ಲಿ ಅಗಿದವರು ಒಂಬತ್ತು,
ಅಗಿಯದವರು ಇಪ್ಪತ್ತನಾಲ್ಕು.
ಅಗಿಯದೆಯೂ ರೋಗ ಬಂದವಳು
ಒಬ್ಬಳೇ. ಮುನಿಚೌಡಮ್ಮ.

"ಬರ್ಕಳಮ್ಮ," ಅಂದಿದ್ದಳು ಕೆನ್ನೆಗೆ ಸೆರಗೊತ್ತಿ,
"ಕಲಾಸಿಪಾಳ್ಯದಾಗೆ ಮೂವತ್ತೊರ್ಸ ಎಲೆ ಮಾರ್ದೆ,
ಕಡ್ಡಿಪುಡಿ, ಹೊಗೆಸೊಪ್ಪು, ಎಲ್ಲ ಮಾರ್ದೆ,
ಬಾಯಿಗೆ ಒಂದೆಸಳು ಇಕ್ಕಿಲ್ಲ."
ಮಾರಿದ್ದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇರಲಿಲ್ಲ.
ಅಗಿದಿಲ್ಲ ಎಂದು ಬರೆದೆ.

ಆಡ್ಸ್ ರೇಶಿಯೊ ತೆಗೆಯುವುದು ಮಗ್ಗಿಯಷ್ಟು ಸುಲಭ:
ಓರೆಯಾಗಿ ಗುಣಿಸು, ಭಾಗಿಸು. ನಲವತ್ತೈದು ಚಿಲ್ಲರೆ.
ಅದು ಎಷ್ಟು ಅಲುಗುತ್ತದೆ ಎಂಬುದು ಬೇರೆ ಲೆಕ್ಕ.
ಪ್ರತಿ ಮನೆಯೂ ತನ್ನೊಳಗಿನ ತಲೆಗಳಿಗೆ
ಒಂದು ರೂಪಾಯಿಯನ್ನು ಸಮನಾಗಿ ಹಂಚಿ
ಒಬ್ಬರ ಪಾಲನ್ನು ತಂದು ಸುರಿಯಬೇಕು.
ಹದಿನೇಳರ ಮನೆಯಿಂದ ಆರು ಪೈಸೆ,
ಒಂಬತ್ತರಿಂದ ಹನ್ನೊಂದು,
ಇಪ್ಪತ್ತನಾಲ್ಕರಿಂದ ನಾಲ್ಕು.
ಮುನಿಚೌಡಮ್ಮ ಚಿಲ್ಲರೆ ಮಾಡದೆ
ಇಡೀ ರೂಪಾಯಿ ಇಟ್ಟಳು.

ಐವತ್ತು ಜನ ಸೇರಿ ನಡುಗಿದ್ದು ಇಪ್ಪತ್ತೊಂದು ಪೈಸೆ.
ಉಳಿದದ್ದೆಲ್ಲ ಅವಳೊಬ್ಬಳ ನಡುಕ.
ಉತ್ತರ ಐದಿರಬಹುದು, ಮುನ್ನೂರ ತೊಂಬತ್ತೆರಡೂ ಇರಬಹುದು;
ಹೊರಟ ಬಸ್ಸು ಈಗ ಎಲ್ಲಿದೆ ಎಂದರೆ
ಆನೇಕಲ್ಲೋ, ಹೊಸೂರೋ, ಸೇಲಮ್ಮೋ ಅಂದಂತೆ.

ಪದರಗಳನ್ನು ಒಟ್ಟು ಮಾಡುವಾಗ ಇನ್ನೊಂದು ನ್ಯಾಯ:
ಹೆಚ್ಚು ನಡುಗುವ ಪದರದ ಮಾತಿಗೆ ಕಡಿಮೆ ತೂಕ.
ಕಟಕಟೆಯಲ್ಲಿ ದನಿ ನಡುಗಿದವರಿಗೆ ಆಗುವುದೂ ಇದೇ ಅಲ್ಲವೇ ಸರ್, ಎಂದೆ.
ಡಾಕ್ಟರ್ ಇಂದುಶೇಖರ್ ನಕ್ಕು ಕಾಫಿ ತರಿಸಿದರು.

ನಿನ್ನೆ ಸೊಸೆಯ ಫೋನು:
ನಮ್ಮತ್ತೆ ಹೆಸರು ತೆಗೆದುಬಿಡಿ, ಅವರೇ ಹೇಳಿದ್ದಾರೆ.

ತೆಗೆದೆ. ಮನೆ ಸೊನ್ನೆಯಾಯಿತು.
ಸೊನ್ನೆಗೆ ರೂಪಾಯಿ ಹಂಚಲು ಬಾರದು;
ಹಳೆಯ ಉಪಾಯ, ಎಲ್ಲ ಮನೆಗೂ ಅರ್ಧರ್ಧ ಆಳು ಸೇರಿಸುವುದು.
ಸೇರಿಸಿದೆ.
ಅವಳಿದ್ದಲ್ಲಿ ಈಗ ಯಾರೂ ಅಲ್ಲದ ಅರ್ಧ ಹೆಂಗಸು.
ಒಂದನ್ನು ಅರ್ಧದಿಂದ ಭಾಗಿಸಿದರೆ ಎರಡು.

ಇದ್ದಾಗ ಒಂದು ರೂಪಾಯಿ ನಡುಗಿದವಳು
ಇಲ್ಲದೆ ಎರಡು ರೂಪಾಯಿ.

ಮೇಜು ಗಟ್ಟಿಯಾಗಿಯೇ ಇತ್ತು.
ಮುಟ್ಟಿ ನೋಡಿದೆ.